ಬೀಳ್ಕೊಡುಗೆ ಫೋಟೋದಲ್ಲಿ ಕಾಣದ ಒಂದು ಲಕ್ಷದ ನಲವತ್ತೆರಡು ಸಾವಿರ

ನಮ್ಮ ಕಾಲೇಜಿನಲ್ಲಿ ಎರಡು ಹಾಜರಿ ಪುಸ್ತಕಗಳಿವೆ. ಒಂದಕ್ಕೆ ಕೆಂಪು ಬೈಂಡು, ಅದು ಅನುದಾನಿತ ಸಿಬ್ಬಂದಿಯದು. ಇನ್ನೊಂದು ಉದ್ದನೆಯ ನೋಟ್‌ಬುಕ್ಕು, ಪ್ರತಿ ವರ್ಷ ನಾನೇ ಸ್ಕೇಲ್ ಇಟ್ಟು ಗೆರೆ ಎಳೆಯೋದು, ಅದು ಮ್ಯಾನೇಜ್‌ಮೆಂಟ್ ಸ್ಟಾಫಿನದು. ಎರಡೂ ಒಂದೇ ಟೇಬಲ್ ಮೇಲೆ ಇರುತ್ತವೆ. ಸಹಿ ಹಾಕುವ ಪೆನ್ನೂ ಒಂದೇ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲೆಂದು ದಾರ ಕಟ್ಟಿದ್ದೇವೆ.

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಆಫೀಸಿನಲ್ಲಿ ನನಗಿದು ಇಪ್ಪತ್ತೆರಡನೇ ವರ್ಷ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅನುದಾನಿತರ ಸಂಬಳ ಸರ್ಕಾರದ್ದು, ಬಿಲ್ಲು ಜಂಟಿ ನಿರ್ದೇಶಕರ ಕಚೇರಿಗೆ ಹೋಗಿ ಪಾಸಾಗಿ ಬರಬೇಕು. ಮ್ಯಾನೇಜ್‌ಮೆಂಟ್ ಸ್ಟಾಫಿಗೆ ಆಡಳಿತ ಮಂಡಳಿ ಕೊಟ್ಟಷ್ಟು, ಕೊಟ್ಟಾಗ. ನಿವೃತ್ತರಾದವರ ಜಾಗ ತುಂಬದೆ ಕೆಂಪು ಪುಸ್ತಕದಲ್ಲಿ ಹೆಸರುಗಳು ಕಮ್ಮಿಯಾಗುತ್ತಾ ಬಂದಿವೆ, ನೋಟ್‌ಬುಕ್ಕಿನಲ್ಲಿ ನಾನು ಎಳೆಯುವ ಗೆರೆಗಳು ಜಾಸ್ತಿಯಾಗುತ್ತಾ ಬಂದಿವೆ. ನಾನೂ ನೋಟ್‌ಬುಕ್ಕಿನವಳೇ.

ಇವತ್ತು ಬರೆಯುತ್ತಿರುವುದು ನಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಬಗ್ಗೆ, ಅವರಿಗೆ ಯಾರೂ ಹೇಳದ ಒಂದು ಹಕ್ಕಿನ ಬಗ್ಗೆ. ಹೆಸರು ಬೇಡ, ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯೋದು. 2005ರ ಜೂನ್ ಕೊನೆಯಲ್ಲಿ ಸೇರಿದವರು 2024ರ ಮೇ 31ಕ್ಕೆ ಬಿಟ್ಟರು. ಆಸಿಡ್ ಬಿದ್ದು ಬಿದ್ದು ಬಲಗೈಯ ಎರಡು ಬೆರಳಿನ ಉಗುರು ಹಳದಿಗಟ್ಟಿತ್ತು. ಬಾಟಲಿಯ ಲೇಬಲ್ ಅಳಿಸಿಹೋಗಿದ್ದರೂ ಒಳಗೇನಿದೆ ಅಂತ ದೂರದಿಂದಲೇ ಹೇಳುತ್ತಿದ್ದರು. ಹೊಸ ಲೆಕ್ಚರರ್‌ಗಳು ಪ್ರಾಕ್ಟಿಕಲ್ ಶುರುಮಾಡುವ ಮೊದಲು ಒಂದು ಸಲ ಅವರ ಮುಖ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಬೀಳ್ಕೊಡುಗೆ ಚೆನ್ನಾಗಿಯೇ ಆಯ್ತು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಟಾಫ್ ಕ್ಲಬ್ಬಿನಿಂದ ಒಂದು ಗೋಡೆ ಗಡಿಯಾರ. ಕಾರ್ಯದರ್ಶಿಗಳು "ನಮ್ಮ ಸಂಸ್ಥೆಯ ಆಸ್ತಿ" ಅಂದರು. ಅಣ್ಣ ಅತ್ತರು. ಮೂರು ತಿಂಗಳಿಗೊಮ್ಮೆ ನಾವು ಹೊರತರುವ ನಾಲ್ಕು ಪುಟದ ಕಾಲೇಜು ವಾರ್ತೆಯಲ್ಲಿ ಅವರ ಫೋಟೋ ಬಂತು, ಅಡಿಬರಹ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ನಾನು. "ಸುದೀರ್ಘ ಹಾಗೂ ನಿಸ್ವಾರ್ಥ ಸೇವೆ" ಅಂತ ಬರೆದೆ. ಈಗ ನೆನೆಸಿಕೊಂಡರೆ ಆ ಎರಡನೇ ಪದಕ್ಕೆ ನಾಚಿಕೆಯಾಗುತ್ತದೆ.

ಆ ವಾರ್ತಾಪತ್ರ ಶುರುವಾಗಿದ್ದೇ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ಗಾಗಿ, ಅದೇನೂ ಗುಟ್ಟಲ್ಲ. ಎನ್‌ಎಸ್‌ಎಸ್ ಶಿಬಿರ, ಕಬಡ್ಡಿಯಲ್ಲಿ ದ್ವಿತೀಯ ಸ್ಥಾನ, ಗಣ್ಯರು ಬಂದು ಸಸಿ ನೆಟ್ಟದ್ದು, ಯಾರಿಗೋ ಪಿಎಚ್‌ಡಿ ಬಂದದ್ದು, ಎಲ್ಲಾ ಇರುತ್ತೆ. ಇದರ ಜೊತೆಗೆ ವಾಟ್ಸಾಪ್ ಗ್ರೂಪ್. ರಾತ್ರಿ ಒಂಬತ್ತೂವರೆಗೆ "ತುರ್ತು" ಅಂತ ಒಂದು ಪಿಡಿಎಫ್ ಬೀಳುತ್ತೆ, ಬೆಳಿಗ್ಗೆ ಹತ್ತರೊಳಗೆ ಯುಯುಸಿಎಂಎಸ್ ಅನ್ನೋ ವಿಶ್ವವಿದ್ಯಾಲಯಗಳ ಪೋರ್ಟಲ್ಲಿನಲ್ಲಿ ಏನೋ ತುಂಬಬೇಕಂತೆ, ಬೆಳಿಗ್ಗೆ ಕೂತರೆ ಸರ್ವರ್ ಇಲ್ಲ. ನಾವು ಏನು ಮಾಡಬೇಕು ಅನ್ನೋ ಸುತ್ತೋಲೆ ಎಷ್ಟೇ ದೂರದಿಂದ ಬಂದರೂ ತಪ್ಪದೆ ತಲುಪುತ್ತೆ. ನಮಗೆ ಏನು ಬರಬೇಕು ಅನ್ನೋ ಕಾಗದ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ.

ಬೀಳ್ಕೊಡುಗೆಯಾಗಿ ಆರು ತಿಂಗಳ ಮೇಲೆ ನ್ಯಾಕ್ ಸ್ವಯಂ ಅಧ್ಯಯನ ವರದಿಯ ಕೆಲಸ ಬಂತು. ಅದರಲ್ಲಿ ಆರನೇ ಮಾನದಂಡದ ಕೆಳಗೆ ಒಂದು ಪ್ರಶ್ನೆ ಇದೆ: ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ಸಂಸ್ಥೆ ಯಾವ ಕಲ್ಯಾಣ ಕ್ರಮಗಳನ್ನು ಕೈಗೊಂಡಿದೆ? ಉತ್ತರವನ್ನು ಬಹಳ ಚಂದದ ಇಂಗ್ಲಿಷಿನಲ್ಲಿ ಬರೆದು ನನ್ನ ಕೈಗೆ ಕೊಟ್ಟರು. ಟೈಪ್ ಮಾಡುತ್ತಾ ಹೋದೆ. ಪಿಎಫ್, ಹಬ್ಬದ ಮುಂಗಡ, ಹೆರಿಗೆ ರಜೆ, ನಿಯಮಾನುಸಾರ ಗ್ರಾಚ್ಯುಟಿ. ಅಲ್ಲಿ ಕೈ ನಿಂತಿತು. ಅಣ್ಣನ ಫೈಲು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ತೆಗೆದು ನೋಡಿದೆ. ರಾಜೀನಾಮೆ ಅಲ್ಲ, ವಯೋನಿವೃತ್ತಿ ಅಂತಲೇ ಇದೆ. ಕೊನೆಯ ತಿಂಗಳ ಸಂಬಳ 13,000. ಗ್ರಾಚ್ಯುಟಿ ಅನ್ನುವ ಪದ ಇಡೀ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಸರ್ಕಾರಿ ಕನ್ನಡದಲ್ಲಿ ಇದನ್ನು ಉಪದಾನ ಅಂತಾರೆ. ಕೇಳಿದರೆ ಏನೋ ದಾನ ಕೊಟ್ಟ ಹಾಗಿದೆ, ಆದರೆ ದಾನವಲ್ಲ. 1972ರ ಕಾಯ್ದೆ. ಐದು ವರ್ಷ ಸತತ ಸೇವೆ ಮಾಡಿದವರು ಬಿಡುವಾಗ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ ಕೊಡಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳಿಗೂ 1997ರ ಏಪ್ರಿಲ್ 3ರಿಂದ ಇದು ಅನ್ವಯ. ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆ ಇದ್ದರೆ ಪೂರ್ತಿ ವರ್ಷ ಅಂತ ಲೆಕ್ಕ, ಹಾಗಾಗಿ ಅಣ್ಣನದು ಹತ್ತೊಂಬತ್ತು ವರ್ಷ. ಕ್ಯಾಲ್ಕುಲೇಟರ್ ಒತ್ತಿದೆ: 13,000 ಗುಣಿಲೆ 15, ಭಾಗಿಲೆ 26, ಗುಣಿಲೆ 19. ಒಂದು ಲಕ್ಷದ ನಲವತ್ತೆರಡು ಸಾವಿರದ ಐನೂರು. ಮತ್ತೊಂದು ಸಲ ಒತ್ತಿದೆ. ಅಷ್ಟೇ ಬಂತು.

ಫೋನ್ ಮಾಡಿದೆ. ಅಣ್ಣ ಆಗ ಒಂದು ಬಟ್ಟೆ ಅಂಗಡಿಯಲ್ಲಿ ರಾತ್ರಿ ಕಾವಲಿಗೆ ಹೋಗುತ್ತಿದ್ದರು.

"ನಮಗೆಲ್ಲಿ ಮೇಡಂ ಅದೆಲ್ಲಾ, ನಾನೇನು ಪರ್ಮನೆಂಟಾ?"

ಈ ಒಂದು ಮಾತಿನ ಮೇಲೆ ಎಷ್ಟು ಸಂಸ್ಥೆಗಳು ಹಾಯಾಗಿ ನಡೆಯುತ್ತಿವೆಯೋ! ಕಾಯ್ದೆಯಲ್ಲಿ ಪರ್ಮನೆಂಟ್ ಅನ್ನುವ ಷರತ್ತೇ ಇಲ್ಲ. ಅಷ್ಟೇ ಅಲ್ಲ, ನೌಕರ ಅರ್ಜಿ ಹಾಕಲಿ ಬಿಡಲಿ, ಮೊತ್ತ ಲೆಕ್ಕ ಹಾಕಿ ತಿಳಿಸಬೇಕಾದದ್ದು ಮಾಲೀಕರ ಜವಾಬ್ದಾರಿ, ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು.

ಅಟೆಂಡರ್ ಹೋಗಲಿ, ಓದಿದವರ ಕಥೆ ಕೇಳಿ. ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದಾಗ ನಮ್ಮ ಮೇಷ್ಟ್ರೊಬ್ಬರು, ಇವರೂ ನೋಟ್‌ಬುಕ್ಕಿನವರೇ, "ಅಟೆಂಡರ್‌ಗೆ ಇರಬಹುದು, ಅಧ್ಯಾಪಕರಿಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ" ಅಂದರು. ಹೇಳಿದ್ದು ನಿಜ, 2004ರಲ್ಲಿ. ಶಿಕ್ಷಕರು ಆ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ನೌಕರರಲ್ಲ ಅಂತ. ಅದಾದ ಮೇಲೆ ಸಂಸತ್ತು 2009ರಲ್ಲಿ ಕಾಯ್ದೆಯನ್ನೇ ತಿದ್ದಿತು, ಅದೂ 1997ರಿಂದಲೇ ಅನ್ವಯವಾಗುವ ಹಾಗೆ. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು, 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ಸರಿ ಅಂತ ಎತ್ತಿಹಿಡಿಯಿತು. ನಮ್ಮ ಮೇಷ್ಟ್ರು ಇಪ್ಪತ್ತು ವರ್ಷದ ಹಳೇ ತೀರ್ಪು ಹಿಡಿದುಕೊಂಡು ಕೂತಿದ್ದರು. ಅವರನ್ನು ಬೈಯಲಾರೆ. ಹಳೆಯದು ಯಾರೋ ಹೇಳಿದ್ದರು, ಹೊಸದು ಯಾರೂ ಹೇಳಲಿಲ್ಲ.

ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೋಡಿ. 2022ರ ಜನವರಿಯಲ್ಲಿ ಗೌರವಧನ 26ರಿಂದ 32 ಸಾವಿರದವರೆಗೆ ಏರಿತು, 2023ರ ಕೊನೆಯ ಮುಷ್ಕರದ ನಂತರ ಇನ್ನಷ್ಟು, ಜೊತೆಗೆ ಅರವತ್ತು ತುಂಬಿದವರಿಗೆ 5 ಲಕ್ಷದವರೆಗೆ ಇಡಿಗಂಟು. ಸಾಲದು ಅನ್ನುವ ಅವರ ಮಾತು ಬೇರೆ. ಆದರೆ ತಮ್ಮ ಲೆಕ್ಕ ಅವರಿಗೆ ಬಾಯಿಪಾಠ, ಯಾಕೆಂದರೆ ಬೀದಿಗಿಳಿದು ಪಡೆದದ್ದು, ಪೇಪರಿನಲ್ಲಿ ಬಂದದ್ದು. ನಮ್ಮಂಥ ಖಾಸಗಿ ಕಾಲೇಜಿನ ನೋಟ್‌ಬುಕ್ಕಿನವರ ವಿಷಯ ಯಾವ ಪೇಪರಿನಲ್ಲೂ ಬರೋದಿಲ್ಲ. ನಮಗೆ ಇರೋದು ಆಫೀಸಿನ ಗೋಡೆ ಒಂದೇ.

ಗೋಡೆ ಅನ್ನೋದನ್ನು ಸುಮ್ಮನೆ ಹೇಳುತ್ತಿಲ್ಲ. ಗ್ರಾಚ್ಯುಟಿ ನಿಯಮಗಳಲ್ಲಿ ಫಾರಂ ಯು ಅಂತ ಒಂದಿತ್ತು. ಕಾಯ್ದೆಯ ಸಾರಾಂಶ. ಅದನ್ನು ಇಂಗ್ಲಿಷಿನಲ್ಲೂ, ಹೆಚ್ಚಿನ ನೌಕರರಿಗೆ ಅರ್ಥವಾಗುವ ಭಾಷೆಯಲ್ಲೂ, ಮುಖ್ಯ ಬಾಗಿಲ ಹತ್ತಿರ ಎದ್ದು ಕಾಣುವ ಕಡೆ ಹಾಕಬೇಕು ಅಂತ ನಿಯಮವೇ ಹೇಳುತ್ತಿತ್ತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೂ ಅದನ್ನೇ ಹೇಳುತ್ತೆ: ಶಿಕ್ಷೆ ಏನು, ದೂರು ಕೇಳುವ ಆಂತರಿಕ ಸಮಿತಿ ರಚಿಸಿದ ಆದೇಶ ಯಾವುದು, ಎಲ್ಲರಿಗೂ ಕಾಣುವಂತೆ ಹಾಕಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಅದು ಅನ್ವಯವಾಗುವ ಕಡೆಯಲ್ಲೆಲ್ಲಾ, ಹೆಂಗಸರು ಕೆಲಸ ಮಾಡುವ ಪ್ರತಿ ಭಾಗದಲ್ಲೂ ಸ್ಥಳೀಯ ಭಾಷೆಯಲ್ಲಿ ಸಾರಾಂಶ ಹಾಕಿ ಅನ್ನುತ್ತಿತ್ತು. ಕಾನೂನು ಬರೆದವರಿಗೆ ನಮ್ಮ ಮಂದಿಯ ಗುಣ ಗೊತ್ತಿತ್ತು ಅನ್ನಿಸುತ್ತೆ. ಹಕ್ಕು ಕೊಟ್ಟರೆ ಸಾಲದು, ಮೊಳೆ ಹೊಡೆದು ನೇತುಹಾಕಿಸಬೇಕು ಅಂತ ಬರೆದಿಟ್ಟಿದ್ದಾರೆ.

ನಮ್ಮ ಗೋಡೆಯ ಮೇಲೆ ಏನಿದೆ? ಗಾಜಿನ ನೋಟಿಸ್ ಬೋರ್ಡು, ಅದಕ್ಕೊಂದು ಪುಟ್ಟ ಬೀಗ. ಒಳಗೆ 2019ರ ಟೈಮ್ ಟೇಬಲ್, ಬಿಸಿಲಿಗೆ ಬಣ್ಣ ಬಿಟ್ಟ ಒಂದು ರಕ್ತದಾನ ಶಿಬಿರದ ಪೋಸ್ಟರ್, ಸತ್ತ ಎರಡು ಹಲ್ಲಿಮರಿ. ಬೀಗದ ಕೀ ಕಳೆದು ಯಾವ ಕಾಲವಾಯ್ತೋ. ಆಂತರಿಕ ಸಮಿತಿಯ ಆದೇಶ ನ್ಯಾಕ್ ಫೈಲಿನಲ್ಲಿ ಲ್ಯಾಮಿನೇಟ್ ಆಗಿ ಭದ್ರವಾಗಿದೆ. ಅದರಲ್ಲಿ ಸದಸ್ಯೆ ಅಂತ ನನ್ನ ಹೆಸರೂ ಇದೆ, ಅದು ನನಗೆ ತಿಳಿದದ್ದೂ ಫೈಲ್ ಜೋಡಿಸುವಾಗಲೇ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟ ಮಾರನೇ ದಿನ ನಮ್ಮ ಲೇಡೀಸ್ ರೂಮಿನಲ್ಲಿ ಒಂದೇ ಮಾತು: ತಿಂಗಳಿಗೊಂದು, ವರ್ಷಕ್ಕೆ ಹನ್ನೆರಡು, ನಮಗೂ ಇದೆಯಾ? ಕಸ ಗುಡಿಸುವ ಅಮ್ಮ, ಏಜೆನ್ಸಿ ಮೂಲಕ ಬಂದವರು, ಬಾಗಿಲಲ್ಲಿ ನಿಂತು "ಅಕ್ಕಾ, ನಂಗೆ?" ಅಂದರು. ಆಫೀಸಿನಲ್ಲಿ ಕೇಳಿದೆ. "ಆದೇಶ ಬರಲಿ ನೋಡೋಣ" ಅಂದರು. ಬಂದರೂ ಅದು ಯಾರ ಮೊಬೈಲಿಗೆ ಬರುತ್ತೆ, ಅಲ್ಲಿಂದ ಆ ಅಮ್ಮನವರೆಗೆ ಯಾರು ಒಯ್ಯುತ್ತಾರೆ ಅಂತ ಆಗಲೇ ಅನ್ನಿಸಿತ್ತು.

ಅಣ್ಣನ ದುಡ್ಡಿನ ವಿಷಯ ಮುಗಿಸುತ್ತೇನೆ. ಅರ್ಜಿ ನಾನೇ ಬರೆದುಕೊಟ್ಟೆ. ಆಡಳಿತ ಮಂಡಳಿಯವರು ನನ್ನನ್ನು ಒಳಗೆ ಕರೆಸಿ, "ಏನಮ್ಮಾ, ಸಂಬಳ ನಮ್ಮದು, ಕೆಲಸ ಅವರದಾ?" ಅಂತ ಕೇಳಿದರು. ವರದಿಯಲ್ಲಿ ಗ್ರಾಚ್ಯುಟಿ ಕೊಡ್ತೀವಿ ಅಂತ ಹಾಕಿದ್ದೀವಲ್ಲ ಸರ್, ನ್ಯಾಕ್‌ನ ಪೀರ್ ಟೀಮ್ ಬಂದು ಕೇಳಿದರೆ ತೋರಿಸೋಕೆ ಒಂದಾದರೂ ಬೇಕಲ್ಲ, ಅಂದೆ. ಹೆದರಿಕೆಯಿಂದ ಬಂದ ಜಾಣತನ ಅದು, ಧೈರ್ಯವಲ್ಲ. ಕೊಟ್ಟರು. ಎರಡು ಚೆಕ್ಕಿನಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ, ಬಡ್ಡಿ ಇಲ್ಲದೆ. ಬಡ್ಡಿ ಕೇಳೋಣ ಅಂದರೆ ಅಣ್ಣ "ಬೇಡ ಬಿಡಿ ಮೇಡಂ, ನೀವು ಅಲ್ಲೇ ಇರಬೇಕಾದವರು" ಅಂದರು.

ಮುಂದಿನ ವಾರ್ತಾಪತ್ರದಲ್ಲಿ ಕಾಲು ಪುಟ ಕೇಳಿದೆ. ರಜೆ, ಪಿಎಫ್, ಗ್ರಾಚ್ಯುಟಿ, ಸಮಿತಿ, ಒಂದು ಸಂಚಿಕೆಗೆ ಒಂದು ವಿಷಯ, ಕನ್ನಡದಲ್ಲಿ. "ಇದು ಹೊರಗೂ ಹೋಗೋ ಪತ್ರಿಕೆ, ಆಂತರಿಕ ವಿಷಯ ಬೇಡ" ಅಂತ ತೆಗೆದುಹಾಕಿದರು. ಆ ಜಾಗಕ್ಕೆ ಸಸಿ ನೆಡುವ ಇನ್ನೊಂದು ಫೋಟೋ ಬಂತು.

ಇದರ ಮಧ್ಯೆ 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. 1972ರ ಕಾಯ್ದೆಯೂ 1961ರ ಹೆರಿಗೆ ಕಾಯ್ದೆಯೂ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಹದಿನೈದು ದಿನದ ಲೆಕ್ಕ ಹಾಗೇ ಇದೆ, ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ವರ್ಷ ವರ್ಷ ಆರ್ಡರ್ ಕೊಟ್ಟು ನಡುವೆ ಸೇವೆಗೆ ಬ್ರೇಕ್ ಹಾಕುವ ನಮ್ಮಂಥ ಕಡೆ ಇದು ಸಣ್ಣ ಸುದ್ದಿಯಲ್ಲ. ನಮ್ಮ ಗ್ರೂಪಿನಲ್ಲಿ ಆ ದಿನ ಬಂದದ್ದು ಮೂರು ಜನರ ಹುಟ್ಟುಹಬ್ಬದ ಕೇಕು.

ಅದಕ್ಕೇ ಕಳೆದ ತಿಂಗಳು ಗ್ರಾಚ್ಯುಟಿ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿ, ಬೋರ್ಡಿನ ಗಾಜಿನ ಮೇಲೆ ಸೆಲ್ಲೋಟೇಪ್ ಹಚ್ಚಿದೆ. ಮಾರನೇ ದಿನ ಇರಲಿಲ್ಲ. ಮತ್ತೊಂದು ಹಚ್ಚಿದೆ, ಅದೂ ಹೋಯಿತು. ಈಗಿರುವುದು ಮೂರನೇ ಪ್ರತಿ, ಹಾಜರಿ ಟೇಬಲ್ಲಿನ ಮೇಲೆ, ಎರಡೂ ಪುಸ್ತಕಗಳ ನಡುವೆ, ಗಾಜಿನ ಅಡಿಯಲ್ಲಿ. ಸಹಿ ಹಾಕಲು ಬಗ್ಗಿದವರಿಗೆ ಕಾಣಲೇಬೇಕು. ಒಂದು ವಾರವಾಯ್ತು, ಇನ್ನೂ ಇದೆ.

ನಿನ್ನೆ ಬೆಳಿಗ್ಗೆ ನೋಡಿದರೆ ಗಾಜಿನ ಮೇಲೆ ಯಾರೋ ಮಾರ್ಕರಿನಲ್ಲಿ "26 ಯಾಕೆ? ತಿಂಗಳಿಗೆ 30 ದಿನ ಅಲ್ವಾ?" ಅಂತ ಬರೆದಿದ್ದರು. ಅಕ್ಷರ ಯಾರದೆಂದು ಗೊತ್ತಾಯಿತು, ಹೇಳೋಲ್ಲ. ಕೆಳಗೆ ಬರೆದೆ: "ನಾಲ್ಕು ಭಾನುವಾರ ಕಳೆದು. 13,000 ಸಂಬಳಕ್ಕೆ ದಿನಕ್ಕೆ 500, ಹದಿನೈದು ದಿನಕ್ಕೆ 7,500, ಅದನ್ನು ನಿಮ್ಮ ಸೇವೆಯ ವರ್ಷಗಳಿಂದ ಗುಣಿಸಿ. ಅನುಮಾನವಿದ್ದರೆ ಆಫೀಸಿಗೆ ಬನ್ನಿ, ಕ್ಯಾಲ್ಕುಲೇಟರ್ ನನ್ನ ಹತ್ತಿರ ಇದೆ."