ವಿಕಿರಣ ಒಂದೇ ಏನ್ರಿ? ಕಿಡ್ನಿ ಮಾತು ಎಲ್ಲದ?

1991ರಾಗ ಇರಾಕಿನ ಮ್ಯಾಲೆ ಅಮೆರಿಕ ಹಾರಿಸಿದ ಡಿಪ್ಲೀಟೆಡ್ ಯುರೇನಿಯಂ (ಅಣು ಇಂಧನದ ಸತ್ವ ತಗದ ಮ್ಯಾಲೆ ಉಳಿಯೋ ಯುರೇನಿಯಂ) ಗುಂಡಿನಿಂದ್ಲೇ ಮಕ್ಕಳಿಗೆ ಕ್ಯಾನ್ಸರ್ ಬಂತು ಅಂತ ಒಬ್ಬ ಪತ್ರಕರ್ತರು, ಅದೆಲ್ಲ ಸದ್ದಾಂನ ಪ್ರಚಾರ ಅಂತ ಇನ್ನೊಬ್ಬರು. ಈ ಜಗಳದ ಬಗ್ಗೆ ಬಂದ ಲೇಖನದಾಗ ಇಬ್ಬರ ವಾದಾನೂ ಓದಿದೆ. ಇಬ್ಬರೂ ವಿಕಿರಣ ಒಂದನ್ನೇ ಹಿಡಕೊಂಡು ಕುಂತಾರ. ಈ ಗುಂಡಿನ ಯುರೇನಿಯಂನ ವಿಕಿರಣ ನೆಲದಾಗ ಸಿಗೋ ಯುರೇನಿಯಂಗಿಂತ ಸುಮಾರು ಶೇ 40ರಷ್ಟು ಕಡಿಮೀನ. ಆದರ ಗುಂಡು ಟ್ಯಾಂಕಿಗೆ ಬಡದ ಕೂಡ್ಲೇ ಹೊತ್ತಿ ಉರದು ಸಣ್ಣ ಧೂಳಾಗ್ತದ. ಆ ಧೂಳು ಮೈಯಾಗ ಹೊಕ್ಕರ ಸೀಸದಂಗ ಭಾರಲೋಹದ ವಿಷ, ಪೆಟ್ಟು ಕಿಡ್ನಿಗೆ.

ಹಂಗಂತ 'ಪ್ರಚಾರ' ಅನ್ನೋರನ್ನೂ ನಂಬಬ್ಯಾಡ್ರಿ. 1945ರ ಸೆಪ್ಟೆಂಬರ್‌ನಾಗ ಪತ್ರಕರ್ತ ವಿಲ್ಫ್ರೆಡ್ ಬರ್ಚೆಟ್ ಅಣುಬಾಂಬ್ ಬಿದ್ದಿದ್ದ ಹಿರೋಶಿಮಾಕ್ಕ ಹೋಗಿ, ಗಾಯ ಇಲ್ಲದವರೂ ಸಾಯಾಕತ್ಯಾರ ಅಂತ ಬರದ್ರು. ಅದು ಜಪಾನಿನ ಪ್ರಚಾರ ಅಂದಾವ್ರು ನ್ಯೂಯಾರ್ಕ್ ಟೈಮ್ಸ್‌ನ ವಿಲಿಯಂ ಲಾರೆನ್ಸ್. ಅವರು ಅಮೆರಿಕದ ಅಣುಬಾಂಬ್ ಯೋಜನೆಗೇ ಕೆಲಸ ಮಾಡಿದಾವ್ರು. ಮರುವರ್ಷ ಅವರಿಗೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬ್ಯಾರೆ!

ನಮ್ಮ ವಿಜಯಪುರದಾಗ ಮಲಿಕ್-ಎ-ಮೈದಾನ್ ತೋಪು ಹಾರಿಸಾಂವ ಕಿವಿ ಉಳಿಸ್ಕೊಳ್ಳಾಕ ನೀರಾಗ ಮುಳಗತಿದ್ದ ಅಂತ ಕತಿ ಹೇಳ್ತಾರ. ಹಾರಿಸಾಂವನ ಕಾಳಜಿ ಈಗೂ ಅದ. ಯುರೇನಿಯಂ ಚೂರು ಮೈಯಾಗ ಉಳದ ಅಮೆರಿಕದ ಸೈನಿಕರ ಮೂತ್ರ ಪರೀಕ್ಷೆ ಬಾಲ್ಟಿಮೋರ್‌ನಾಗ ವರ್ಷಾನುಗಟ್ಟಲೆ ನಡದದ. ಇರಾಕಿನ ಬಸ್ರಾ ಊರಿನ ಮಂದೀಗೆ ಹಂಗ ಯಾರು ಮಾಡ್ಯಾರ? ಲೇಖಕರು ಅದನ್ನ ಆ ಇಬ್ಬರಿಗೂ ಕೇಳಬೇಕಿತ್ತು.