1986ರಲ್ಲೇ ದಾವಣಗೆರೆಗೆ ಬಂದ ಡಿಸಿ ಸಾಹೇಬರು

ನಮ್ಮೂರಿಗೆ ಯಾವ ಪಕ್ಷವೂ ಮಾಡದಷ್ಟು ಉಪಕಾರವನ್ನು ಸಿನಿಮಾದವರು ಮಾಡಿದ್ದಾರೆ. ದಾವಣಗೆರೆ ಜಿಲ್ಲೆಯಾಗಿದ್ದು 1997ರ ಆಗಸ್ಟ್ 15ಕ್ಕೆ. ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತಲ್ಲ, ಆ ಸಾಲಿನಲ್ಲಿ. ಅಲ್ಲಿವರೆಗೆ ಡಿಸಿ ಹತ್ತಿರ ಕೆಲಸ ಬಿದ್ದರೆ ಆಗಿನ ಜಿಲ್ಲಾ ಕೇಂದ್ರ ಚಿತ್ರದುರ್ಗದ ಬಸ್ ಹತ್ತಬೇಕಿತ್ತು. ಆದರೆ ಪರದೆ ಮೇಲೆ ನೋಡಿ. ‘ದಾವಣಗೆರೆ, 1986’ ಅಂತ ಅಕ್ಷರ ಮೂಡುತ್ತೆ. ಮರುಕ್ಷಣವೇ ನಾಯಕ ‘ಜಿಲ್ಲಾಧಿಕಾರಿಗಳ ಕಚೇರಿ, ದಾವಣಗೆರೆ’ ಅನ್ನೋ ಬೋರ್ಡಿನ ಕೆಳಗೆ ಧರಣಿ ಕೂತಿರುತ್ತಾನೆ. ಹನ್ನೊಂದು ವರ್ಷ ಮೊದಲೇ ಜಿಲ್ಲೆ! ಪಟೇಲರು ಸುಮ್ನೆ ತಲೆ ಕೆಡಿಸಿಕೊಂಡರು.

(ಯಾವ ಸಿನಿಮಾ ಅಂತ ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವರಿಗೆ ಬೇಜಾರು.)

ನಾಯಕನ ಬೈಕು ಆರ್‌ಎಕ್ಸ್ 100. ಅದು ಸರಿಯೇ, ಬೈಕು ಬಂದಿದ್ದು 1985ರಲ್ಲಿ. ಅದನ್ನು ಹುಡುಕಿ ತರುವಷ್ಟರಲ್ಲೇ ಸುಸ್ತಾದರೋ ಏನೋ, ನಂಬರ್ ಪ್ಲೇಟ್ ಮಾತ್ರ ‘ಕೆಎ 17’. ಆಗಿನ್ನೂ ನಂಬರುಗಳು ಎಂವೈ, ಸಿಎ ಅಂತ ಶುರುವಾಗುತ್ತಿದ್ದ ಕಾಲ. ಕೆಎ ಬಂದಿದ್ದೇ ಆ ದಶಕದ ಕೊನೆಗೆ. ಇಲ್ಲದ ಜಿಲ್ಲೆಯಲ್ಲಿ ಇಲ್ಲದ ನಂಬರಿಗೆ ನಾಯಕ ನೋಂದಣಿ ಮಾಡಿಸಿದ್ದಾನೆ. ಧರಣಿ ಕೂರುವ ಅಗತ್ಯವೇ ಇರಲಿಲ್ಲ, ಅವನ ಕೆಲಸಗಳು ಮೊದಲೇ ಆಗಿಬಿಡುತ್ತವೆ.

ಬೆಣ್ಣೆದೋಸೆ ಹೋಟೆಲಿನ ದೃಶ್ಯವನ್ನಂತೂ ನಿಲ್ಲಿಸಿ ನೋಡಬೇಕು. ಹಂಚಿನ ಮೇಲೆ ಬೆಣ್ಣೆ ಚುಂಯ್ ಅನ್ನುತ್ತೆ, ಹಿಂದೆ ಬೆಲೆಪಟ್ಟಿ. ಬೆಲೆ ಹಳೆಯದು, ಎರಡು ರೂಪಾಯಿ. ಅದರ ಹಿಂದಿನ ₹ ಚಿಹ್ನೆ ಮಾತ್ರ ಸರ್ಕಾರ ಒಪ್ಪಿದ್ದು 2010ರಲ್ಲಿ. ಕಂಬದ ಮೇಲೆ ಅರ್ಧ ಕಿತ್ತ ಕ್ಯೂಆರ್ ಕೋಡ್. ಪೂರ್ತಿ ಕೀಳೋಕೆ ಹೋಟೆಲಿನವರು ಬಿಟ್ಟಿರಲಿಕ್ಕಿಲ್ಲ, ಪಾಪ, ಸಂಜೆ ವ್ಯಾಪಾರ ಮಾಡಬೇಕಲ್ವಾ. ಗೋಡೆಯ ಕ್ಯಾಲೆಂಡರಿನಲ್ಲಿ 1986ರ ಆಗಸ್ಟ್ 15 ಮಂಗಳವಾರ. ನಿಜಕ್ಕೂ ಅವತ್ತು ಶುಕ್ರವಾರ. ಮಂಗಳವಾರ ಬಿದ್ದಿದ್ದು 2023ರಲ್ಲಿ. ಹೊಸ ಕ್ಯಾಲೆಂಡರಿಗೆ ಹಳೇ ಇಸವಿ ಅಂಟಿಸಿದ್ದಾರೆ, ಅಂಟಿನ ಗೆರೆ ಕೂಡ ಕಾಣುತ್ತೆ.

ಆಮೇಲೆ ಹೈವೇ. ಆಗಿನ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಎದುರಿಂದ ಲಾರಿ ಬಂದರೆ ಟಾರು ಬಿಟ್ಟು ಮಣ್ಣಿಗಿಳಿಯಬೇಕಿತ್ತು. ಇಲ್ಲಿ ಖಳನಾಯಕ ಅಂಬಾಸಿಡರಿನಲ್ಲಿ, ನಡುವೆ ಕಣಗಿಲೆ ಗಿಡ ಬೆಳೆಸಿದ ಅಗಲ ರಸ್ತೆಯಲ್ಲಿ, ‘ಎನ್‌ಎಚ್ 48’ ಬೋರ್ಡು ದಾಟಿ ಹೋಗುತ್ತಾನೆ. ಅದು ಎನ್‌ಎಚ್ 4 ಆಗಿತ್ತು, ನಂಬರ್ ಬದಲಾಗಿದ್ದು 2010ರಲ್ಲಿ. ಟೋಲ್ ಗೇಟ್ ಬರುವ ಮೊದಲೇ ಅವನನ್ನು ಹಿಡಿದುಬಿಟ್ಟರು, ದೇವರು ದೊಡ್ಡವನು.

ದುರ್ಗಕ್ಕೂ ಅನ್ಯಾಯ ಆಗಿಲ್ಲ. ಕೋಟೆ ಬತೇರಿ ಮೇಲೆ ನಾಯಕಿ ಹಾಡುತ್ತಾಳೆ, ಹಿಂದಿನ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಾಳಕ್ಕೆ ಸರಿಯಾಗಿ ತಿರುಗುತ್ತವೆ. 1986 ಅಂದರೆ ಇಡೀ ದೇಶವೇ ಕರಾವಳಿಯ ಕೆಲವೇ ಕಡೆ ಗಾಳಿಯಂತ್ರ ನಿಲ್ಲಿಸಿ, ತಿರುಗುತ್ತಾ ನೋಡೋಣ ಅನ್ನುತ್ತಿದ್ದ ವರ್ಷ. 1972ರ ‘ನಾಗರಹಾವು’ ಸಿನಿಮಾವನ್ನು ಪುಟ್ಟಣ್ಣ ಕಣಗಾಲ್ ತೆಗೆದದ್ದು ಇದೇ ಕೋಟೆಯಲ್ಲಿ. ಒಂದ್ಸಲ ಹಾಕಿ ನೋಡಿದ್ದರೂ ಸಾಕಿತ್ತು. ಆದರೆ ಅದು ಹಳೇ ಸಿನಿಮಾ, ಇವರಿಗೆ ಬೇಕಿರೋದು ‘ರೆಟ್ರೋ’.

ರೆಟ್ರೋ ಅಂದರೆ ಎಲ್ಲದಕ್ಕೂ ಅರಿಶಿನ ನೀರು ಎರಚಿದ ಬಣ್ಣ. ಗ್ರಾಮಫೋನು, ಲಾಟೀನು, ಬೆಲ್ ಬಾಟಮ್ ಎಲ್ಲ ಒಂದೇ ಮನೆಯಲ್ಲಿ. 1940 ಆದರೇನು, 1986 ಆದರೇನು, ಬಾಡಿಗೆ ಸಾಮಾನಿನ ಗೋಡೌನ್ ಒಂದೇ ಅಲ್ವಾ. ಲಾಟೀನನ್ನು ಬೆಂಗಳೂರಿಂದ ಲಾರಿಯಲ್ಲಿ ತರುತ್ತಾರೆ. ಅಂದಿಗೂ ಇಂದಿಗೂ ಉರಿಯುತ್ತಿರುವ ಮಂಡಕ್ಕಿ ಭಟ್ಟಿಗಳು ಊರಲ್ಲೇ ಇವೆ, ಆ ಕಡೆ ಕ್ಯಾಮೆರಾ ತಿರುಗೋದಿಲ್ಲ. ಹೊಗೆಗೆ ಲೆನ್ಸ್ ಹಾಳಾಗುತ್ತಂತೆ.

ಮದಕರಿ ನಾಯಕನ ಕಾಲದ ಕಥೆಯಲ್ಲಿ ಏನು ತೋರಿಸಿದರೂ ‘ನಾನು ನೋಡಿದ್ದೆ, ಹಾಗಿರಲಿಲ್ಲ’ ಅನ್ನೋರು ಯಾರೂ ಇಲ್ಲ. 1986ರಲ್ಲಿ ಇದ್ದವರು ಟಿಕೆಟ್ ತಗೊಂಡು ಮೂರನೇ ಸಾಲಿನಲ್ಲಿ ಮಿರ್ಚಿ ತಿನ್ನುತ್ತಾ ಕೂತಿರುತ್ತಾರೆ. ಕಾಟನ್ ಮಿಲ್ಲಿನ ಸೈರನ್ ಕೇಳಿ ಗಡಿಯಾರಕ್ಕೆ ಕೀ ಕೊಟ್ಟವರು ಅವರು. ಶೂಟಿಂಗ್ ವೇಳೆ ಅಲ್ಲೇ ಹಗ್ಗದಾಚೆ ನಿಂತಿದ್ದರು ಕೂಡ. ಒಂದು ಮಾತು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದರು, ಬೇಡ ಅಂದರೂ ಹೇಳುತ್ತಿದ್ದರು. ಆದರೆ ಸೆಟ್ಟಿನ ಹುಡುಗರು ‘ಅಜ್ಜಾ, ಫ್ರೇಮಿಗೆ ಬರ್ತಿದ್ದೀರ, ಸರೀರಿ’ ಅಂತ ಅವರನ್ನೇ ಆಚೆ ಕಳಿಸಿದರು. ಇಡೀ ದೃಶ್ಯದಲ್ಲಿ 1986ಕ್ಕೆ ಸೇರಿದ್ದವರು ಅವರಷ್ಟೇ.

ಕೇಳಿದರೆ ನಿರ್ದೇಶಕರ ಹತ್ತಿರ ಉತ್ತರ ರೆಡಿ ಇರುತ್ತೆ: ‘ಎಲ್ಲವೂ ಕಾಲ್ಪನಿಕ ಅಂತ ಮೊದಲೇ ಹಾಕಿದ್ದೀವಲ್ಲ.’ ನಾಯಕ ಬೀಡಿ ಹಚ್ಚಿದ ಕೂಡಲೇ ಮೂಲೆಯಲ್ಲಿ ಧೂಮಪಾನದ ಎಚ್ಚರಿಕೆ ತಪ್ಪದೆ ಬರುತ್ತೆ, ಒಂದು ಸೆಕೆಂಡೂ ತಡ ಆಗಲ್ಲ. ಅದಕ್ಕೆ ಕಾನೂನಿದೆ. ಇಸವಿಗೆ ಯಾವ ಕಾನೂನೂ ಇಲ್ಲ.

ಇರಲಿ, ನಾವು ಜಗಳಕ್ಕೆ ಬರೋದಿಲ್ಲ. ಬದಲಿಗೆ ಒಂದು ಅರ್ಜಿ. ಮುಂದಿನ ಸಿನಿಮಾದ ಕಥೆ 1980ಕ್ಕೆ ಹೋದರೆ, ನಾಯಕನನ್ನು ತುಮಕೂರಿನಿಂದ ಶಿರಾ, ಹಿರಿಯೂರು, ದುರ್ಗದ ಮೇಲೆ ದಾವಣಗೆರೆಗೆ ನೇರ ರೈಲಿನಲ್ಲಿ ಕರೆತನ್ನಿ. ಆ ಮಾರ್ಗದ ಕೆಲಸ ವರ್ಷಗಳಿಂದ ನಡೀತಾನೇ ಇದೆ. ಕಿಟಕಿಯಾಚೆ ದುರ್ಗದ ಹೊಲಗಳಿಗೆಲ್ಲ ಅದೇ ಥರ ಮುಗಿಯದ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಹರಿಯುತ್ತಿರಲಿ. ತಪ್ಪು ಅಂತ ಈ ಎರಡು ಜಿಲ್ಲೆಯಲ್ಲಿ ಒಬ್ಬರೂ ಬಾಯಿ ಬಿಡೋದಿಲ್ಲ, ಶಿಳ್ಳೆ ಹೊಡೆಯೋಕೆ ಬಿಟ್ಟು.