ಪಾಸ್‌ವರ್ಡ್ ಕುರಿತ ಮಾತಿಗೊಂದು ತಿದ್ದುಪಡಿ

ಜಾಲತಾಣಗಳು ನಮ್ಮ ಪಾಸ್‌ವರ್ಡ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ (ಗೂಢಲಿಪಿಗೆ ಬದಲಿಸಿ) ಇಟ್ಟುಕೊಳ್ಳುತ್ತವೆ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಉಳಿದಂತೆ ಲೇಖನ ಸ್ಪಷ್ಟವಾಗಿದ್ದರೂ ಈ ಒಂದು ಮಾತಿಗೆ ತಿದ್ದುಪಡಿ ಬೇಕು. ಎನ್‌ಕ್ರಿಪ್ಟ್ ಮಾಡಿದ್ದನ್ನು ಕೀಲಿ ಇದ್ದವರು ಮರಳಿ ಓದಬಲ್ಲರು, ಆದರೆ ಪಾಸ್‌ವರ್ಡ್‌ಗೆ ಬಳಸಬೇಕಾದ ಹ್ಯಾಶಿಂಗ್, ಅಂದರೆ ಅದನ್ನು ಲೆಕ್ಕ ಹಾಕಿ ಗುರುತು ಸಿಗದ ಅಕ್ಷರಗಳ ಸಾಲಾಗಿ (ಹ್ಯಾಶ್) ಬದಲಿಸುವುದು, ಒಮ್ಮುಖ ಕ್ರಿಯೆ: ರಾಗಿ ಬೀಸಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಕಾಳು ಬಾರದು. ಆದರೂ ಒಂದೇ ಪಾಸ್‌ವರ್ಡ್‌ಗೆ ಒಂದೇ ಹ್ಯಾಶ್ ಹುಟ್ಟುವುದರಿಂದ, ಕಳ್ಳರು ಜನಸಾಮಾನ್ಯರು ಬಳಸುವ ಪಾಸ್‌ವರ್ಡ್‌ಗಳ ಹ್ಯಾಶ್ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡು, ಕದ್ದ ದತ್ತಾಂಶದ ಜೊತೆ ತಾಳೆ ನೋಡುತ್ತಾರೆ. ಇದನ್ನು ತಡೆಯಲು ಪ್ರತಿ ಬಳಕೆದಾರರ ಪಾಸ್‌ವರ್ಡ್‌ಗೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸಿ ಹ್ಯಾಶ್ ಮಾಡುವುದುಂಟು. ಹೀಗೆ ಬೆರೆಸುವ ಅಕ್ಷರಗಳಿಗೆ ಸಾಲ್ಟ್, ಅಂದರೆ ಉಪ್ಪು, ಎಂದೇ ಹೆಸರು (ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತು ಇಲ್ಲೂ ಸಲ್ಲುತ್ತದೆ). 2012ರಲ್ಲಿ ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ನಿಂದ ಸೋರಿ ಬಯಲಾದ, ಎಸ್‌ಎಚ್‌ಎ-1 ಎಂಬ ವಿಧಾನದಿಂದ ಮಾಡಿದ ಸುಮಾರು 65 ಲಕ್ಷ ಹ್ಯಾಶ್‌ಗಳಲ್ಲಿ ಈ ಉಪ್ಪೇ ಇರಲಿಲ್ಲ. ಬಿಕ್ರಿಪ್ಟ್, ಆರ್ಗಾನ್2 ಮುಂತಾದ ಹ್ಯಾಶಿಂಗ್ ವಿಧಾನಗಳು ಬೇಕೆಂದೇ ನಿಧಾನವಾಗಿ ಲೆಕ್ಕ ಹಾಕುವುದರಿಂದ ಊಹಿಸಿ ನೋಡುವವರ ಕೆಲಸ ಇನ್ನಷ್ಟು ದುಬಾರಿಯಾಗುತ್ತದೆ.

ಕಳೆದ ವರ್ಷ ಒಂದು ಖರೀದಿ ತಾಣದಲ್ಲಿ 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಒತ್ತಿದಾಗ ನನ್ನ ಹಳೆಯ ಪಾಸ್‌ವರ್ಡ್ ಒಂದಕ್ಷರವೂ ಬದಲಾಗದೆ ಇಮೇಲ್‌ಗೆ ಬಂತು; ಹ್ಯಾಶ್ ಮಾಡಿ ಇಟ್ಟಿದ್ದರೆ ಅದನ್ನು ಕಳುಹಿಸುವುದು ಅವರಿಂದಲೇ ಆಗುತ್ತಿರಲಿಲ್ಲ. ಅಂದೇ ಆ ಖಾತೆಯನ್ನು ಅಳಿಸಿದೆ.